ಮಗುವಿಗೆ ರೋಟಾ ಹನಿ: ಯಾವಾಗ ಹಾಕಿಸಬೇಕು, ಎಷ್ಟು ಕಾಪಾಡುತ್ತದೆ, ಎಲ್ಲಿ ಎಡವುತ್ತೇವೆ

‘ರೋಟಾ ಹನಿ ಮೂರೂ ಸಲ ಹಾಕಿಸಿದ್ದೆವು. ಆದರೂ ಮಗುವಿಗೆ ಭೇದಿ ಆಯಿತಲ್ಲ, ಮತ್ತೆ ಹಾಕಿಸಿ ಏನು ಪ್ರಯೋಜನ?’ ರೋಟಾ ವೈರಸ್‌ನ ಭೇದಿಯಿಂದ ಕಾಪಾಡಲು ಮಗುವಿನ ಬಾಯಿಗೆ ಹಾಕುವ ಈ ಲಸಿಕೆಯ ಬಗ್ಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದರದೇ ಮೇಲುಗೈ. ಅದರ ಬೆನ್ನಿಗೆ ಇನ್ನೂ ಕೆಲವು ಬರುತ್ತವೆ. ಎರಡನೆಯ ಡೋಸ್ ತಪ್ಪಿಹೋಗಿದೆ, ಈಗ ಏನು ಮಾಡುವುದು? ಸರ್ಕಾರಿ ಕೇಂದ್ರದಲ್ಲಿ ಕೊಡುವುದು ಒಳ್ಳೆಯದೋ, ಖಾಸಗಿ ಆಸ್ಪತ್ರೆಯದೋ? ಪೋಲಿಯೊ ಹನಿ ಹಾಕಿಸಿದ ಮೇಲೆ ಇದು ಬೇರೆ ಬೇಕೇ? ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮನೆಯಲ್ಲಿ ಬಾಣಂತಿ ಇದ್ದರೆ ಅವರ ಜೊತೆ ಕುಳಿತು ಓದಿ. ಅಜ್ಜಿಗೂ ಓದಿ ಹೇಳಿ. ಮಗುವಿಗೆ ಭೇದಿಯಾದಾಗ ಮನೆಯಲ್ಲಿ ಮೊದಲು ನಡೆಯುವುದು ಅಜ್ಜಿಯ ಮಾತೇ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು ಹೆಚ್ಚೇನಿಲ್ಲ: ತಾಯಿ ಕಾರ್ಡ್, ಮಗು ಹುಟ್ಟಿದ ದಿನಾಂಕ, ಒಂದು ಕ್ಯಾಲೆಂಡರ್, ಮತ್ತು ಮನೆಯಲ್ಲಿ ಸದಾ ನಾಲ್ಕೈದು ಓಆರ್‌ಎಸ್ (ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ) ಪೊಟ್ಟಣ.

ಹಂತ 1: ಈ ಲಸಿಕೆ ಯಾವುದನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂದು ಮೊದಲು ತಿಳಿದುಕೊಳ್ಳಿ

ಮಕ್ಕಳಿಗೆ ಭೇದಿ ತರುವ ರೋಗಾಣುಗಳು ಹಲವು. ಇ. ಕೋಲೈ, ಶಿಗೆಲ್ಲಾ, ಕಾಲರಾ ಇವು ಬ್ಯಾಕ್ಟೀರಿಯಾಗಳು. ನೋರೊವೈರಸ್, ಅಡೆನೊವೈರಸ್ ಇವು ವೈರಸ್‌ಗಳು. ಎರಡು ವರ್ಷದೊಳಗಿನ ಮಕ್ಕಳನ್ನು ಅತಿ ಹೆಚ್ಚು ಆಸ್ಪತ್ರೆಗೆ ಸೇರಿಸುತ್ತಿದ್ದದ್ದು ರೋಟಾ ವೈರಸ್. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರುತ್ ಬಿಷಪ್ ಮತ್ತು ಅವರ ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡರು.

ಇದು ಹಾನಿ ಮಾಡುವ ಬಗೆ ಹೀಗೆ. ಸಣ್ಣ ಕರುಳಿನ ಒಳಗೋಡೆಯ ಮೇಲೆ ಟರ್ಕಿ ಟವೆಲಿನ ಎಳೆಗಳಂತೆ ಲಕ್ಷಾಂತರ ಕಿರುಬೆರಳುಗಳಿರುತ್ತವೆ. ಆಹಾರವನ್ನೂ ನೀರನ್ನೂ ಹೀರಿಕೊಳ್ಳುವ ಕೆಲಸ ಅವುಗಳದು. ರೋಟಾ ವೈರಸ್ ಆ ಎಳೆಗಳ ತುದಿಯ ಜೀವಕೋಶಗಳನ್ನೇ ಹಾಳು ಮಾಡುತ್ತದೆ, ಜೊತೆಗೆ ಕರುಳಿನಿಂದ ನೀರು ಹೊರಬರುವಂತೆ ಮಾಡುವ ಒಂದು ವಿಷವಸ್ತುವನ್ನೂ ಬಿಡುತ್ತದೆ. ಕುಡಿದ ನೀರು ಒಳಗೆ ಹೋಗುವುದಿಲ್ಲ, ಒಳಗಿದ್ದ ನೀರು ಹೊರಗೆ ಹರಿಯುತ್ತದೆ. ವೈರಸ್ ಹೊಟ್ಟೆ ಸೇರಿದ ಸುಮಾರು ಎರಡು ದಿನದಲ್ಲಿ ವಾಂತಿ ಮತ್ತು ಜ್ವರ ಶುರುವಾಗಿ, ನಂತರ ನೀರಿನಂತಹ ಭೇದಿ ಮೂರರಿಂದ ಎಂಟು ದಿನ ಕಾಡುತ್ತದೆ. ಐದಾರು ಕಿಲೋ ತೂಕದ ಮಗು ಒಂದೇ ದಿನದಲ್ಲಿ ಬಾಡಿಹೋಗಲು ಇಷ್ಟು ಸಾಕು.

ಈ ವೈರಸ್ಸಿಗೆ ಔಷಧಿ ಇಲ್ಲ. ಆಂಟಿಬಯಾಟಿಕ್ ಇದರ ಮೇಲೆ ಕೆಲಸ ಮಾಡುವುದಿಲ್ಲ.

‘ನಮ್ಮ ಮನೆಯಲ್ಲಿ ಕುದಿಸಿದ ನೀರೇ, ಮಗುವನ್ನು ನೆಲಕ್ಕೂ ಬಿಡುವುದಿಲ್ಲ’ ಎನ್ನುವವರು ಇದನ್ನು ಗಮನವಿಟ್ಟು ಓದಬೇಕು. ಮನೆಯ ಶುಚಿತ್ವ ಬೇರೆ ಹಲವು ಭೇದಿಗಳನ್ನು ತಡೆಯುತ್ತದೆ, ರೋಟಾವನ್ನು ಪೂರ್ತಿ ತಡೆಯುವುದಿಲ್ಲ. ಅತ್ಯಲ್ಪ ಪ್ರಮಾಣದ ವೈರಸ್ ಸಾಕು. ಅದು ಕೈ, ಆಟಿಕೆ, ಬಾಗಿಲ ಹಿಡಿಗಳ ಮೇಲೆ ಉಳಿದುಕೊಳ್ಳುತ್ತದೆ. ನಲ್ಲಿಯ ನೀರನ್ನು ನೇರವಾಗಿ ಕುಡಿಯುವ ಶ್ರೀಮಂತ ದೇಶಗಳಲ್ಲೂ ಲಸಿಕೆ ಬರುವ ಮೊದಲು ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿಯೊಂದು ಮಗುವಿಗೂ ಈ ಸೋಂಕು ತಗಲುತ್ತಿತ್ತು.

ಆದ್ದರಿಂದ ಆರಂಭದ ಪ್ರಶ್ನೆಗೆ ಉತ್ತರ: ರೋಟಾ ಹನಿ ಎಲ್ಲ ಭೇದಿಗೂ ಹಾಕುವ ಲಸಿಕೆಯಲ್ಲ. ಒಂದು ವೈರಸ್‌ನಿಂದ ಬರುವ ಭೇದಿ ಪ್ರಾಣಕ್ಕೆ ಕುತ್ತು ತರುವಷ್ಟು ಉಲ್ಬಣಿಸದಂತೆ ನೋಡಿಕೊಳ್ಳುವುದು ಅದರ ಕೆಲಸ. ಹನಿ ಹಾಕಿಸಿದ ಮಗುವಿಗೆ ಬಂದ ಭೇದಿ ಬೇರೆ ರೋಗಾಣುವಿನದಾಗಿರಬಹುದು. ರೋಟಾದ್ದೇ ಆಗಿದ್ದರೂ ಡ್ರಿಪ್ ಹಾಕಿಸಬೇಕಾದ ಮಗು ಮನೆಯಲ್ಲೇ ಓಆರ್‌ಎಸ್ ಕುಡಿದು ಎದ್ದಿರಬಹುದು. ಆಗದೇ ಹೋದ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಂತ 2: ‘ಶೇ 54’ ಎಂಬ ಅಂಕಿಯನ್ನು ಸರಿಯಾಗಿ ಓದಿ

ಅಂಕಿಗಳನ್ನು ಮುಚ್ಚಿಟ್ಟು ‘ಹಾಕಿಸಿ, ಒಳ್ಳೆಯದು’ ಎಂದಷ್ಟೇ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಪೋಷಕರಿಗೆ ಲೆಕ್ಕ ಗೊತ್ತಿದ್ದರೆ ಸುಳ್ಳುಸುದ್ದಿಗೆ ಬೆದರುವುದಿಲ್ಲ.

ನಮ್ಮ ದೇಶದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೀವ್ರ ಸ್ವರೂಪದ ರೋಟಾ ಭೇದಿಯನ್ನು ಅದು ಸುಮಾರು ಶೇ 54ರಷ್ಟು ತಗ್ಗಿಸಿತ್ತು. ಮಗುವಿನ ಎರಡನೆಯ ವರ್ಷದಲ್ಲೂ ಸುಮಾರು ಶೇ 49ರಷ್ಟು ರಕ್ಷಣೆ ಉಳಿದಿತ್ತು. ಪರೀಕ್ಷೆಯಲ್ಲಿ ಗೆದ್ದದ್ದು ಊರಿನ ಆರೋಗ್ಯ ಕೇಂದ್ರದಲ್ಲಿ, ನೂರಾರು ಮೈಲಿ ಸಾಗಿಸಿದ ಬಾಟಲಿಯಲ್ಲಿ, ಅಷ್ಟೇ ಕೆಲಸ ಮಾಡುತ್ತದೆಯೇ ಎಂಬುದು ಸಹಜ ಅನುಮಾನ. ಅದನ್ನೂ ನೋಡಿದ್ದಾರೆ. 2016ರಿಂದ 2020ರವರೆಗೆ ಒಂಬತ್ತು ರಾಜ್ಯಗಳ 31 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅಲ್ಲಿ ಸಿಕ್ಕ ಅಂಕಿಯೂ ಶೇ 54. ಭೇದಿಯಿಂದ ದಾಖಲಾಗುವ ಚಿಕ್ಕ ಮಕ್ಕಳಲ್ಲಿ ರೋಟಾ ಕಂಡುಬರುವ ಪ್ರಮಾಣ ಮೊದಲು ಸುಮಾರು ಶೇ 40 ಇದ್ದದ್ದು ಶೇ 20ರ ಆಸುಪಾಸಿಗೆ ಇಳಿಯಿತು.

ಎಡವುವ ಜಾಗ ಇದು: ಶೇ 54 ಎಂದರೆ ‘ನೂರರಲ್ಲಿ 54 ಮಕ್ಕಳು ಪಾರು, ಉಳಿದ 46 ಮಕ್ಕಳಿಗೆ ರೋಗ ಖಚಿತ’ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಿ. ಹನಿ ಹಾಕಿಸದ ಸಾವಿರ ಮಕ್ಕಳಲ್ಲಿ 50 ಮಕ್ಕಳಿಗೆ ತೀವ್ರ ರೋಟಾ ಭೇದಿ ಬರುತ್ತದೆ ಎನ್ನೋಣ. ಅದೇ ಸಾವಿರ ಮಕ್ಕಳಿಗೆ ಹನಿ ಹಾಕಿಸಿದ್ದರೆ ಆ ಸಂಖ್ಯೆ 23ಕ್ಕೆ ಇಳಿಯುತ್ತದೆ. 27 ಮಕ್ಕಳು ಆಸ್ಪತ್ರೆಯ ಹಾಸಿಗೆಯಿಂದ ತಪ್ಪಿಸಿಕೊಂಡರು. ಉಳಿದ 950 ಮಕ್ಕಳಿಗೆ ಎರಡೂ ಸಂದರ್ಭದಲ್ಲಿ ತೀವ್ರ ರೋಗ ಬರುತ್ತಿರಲಿಲ್ಲ.

ಇದನ್ನು ದೇಶದ ಮಟ್ಟಕ್ಕೆ ಹಿಗ್ಗಿಸಿ ನೋಡಿ. ಲಸಿಕೆ ಬರುವ ಮೊದಲು ಭಾರತದಲ್ಲಿ ರೋಟಾ ವೈರಸ್ ವರ್ಷಕ್ಕೆ ಸುಮಾರು 78,000 ಮಕ್ಕಳ ಜೀವ ತೆಗೆಯುತ್ತಿತ್ತು, ಎಂಟೂಮುಕ್ಕಾಲು ಲಕ್ಷದಷ್ಟು ಮಕ್ಕಳನ್ನು ಆಸ್ಪತ್ರೆಗೆ ಸೇರಿಸುತ್ತಿತ್ತು ಎಂದು ಅಂದಾಜಿಸಲಾಗಿತ್ತು. ಆ ರಾಶಿಯಲ್ಲಿ ಅರ್ಧ ಕಡಿಮೆಯಾಗುವುದು ಸಣ್ಣ ಮಾತಲ್ಲ. ಈ ಲಸಿಕೆಯ ಬಗ್ಗೆ ‘ಬರೀ ಅರ್ಧ’ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇಷ್ಟೇ: ಆ ಅರ್ಧದಲ್ಲಿ ನಿಮ್ಮ ಮಗು ಇರಬಹುದು.

ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳು ಶೇ 85ಕ್ಕೂ ಮೇಲೆ ರಕ್ಷಣೆ ಕೊಡುತ್ತವೆ, ನಮ್ಮಲ್ಲಿ ಏಕೆ ಇಷ್ಟು? ಲಸಿಕೆ ಕಳಪೆ ಎಂದಲ್ಲ. ವಿದೇಶದಲ್ಲಿ ಶೇ 85ರ ಮೇಲೆ ಗೆದ್ದ ಲಸಿಕೆಗಳೇ ಆಫ್ರಿಕಾ ಮತ್ತು ಏಷ್ಯಾದ ಬಡ ಪ್ರದೇಶಗಳಲ್ಲಿ ಅರ್ಧದ ಆಸುಪಾಸಿಗೆ ಇಳಿದಿವೆ. ಇದು ಬಾಯಿಯ ಮೂಲಕ ಕೊಡುವ ಜೀವಂತ, ದುರ್ಬಲಗೊಳಿಸಿದ ವೈರಸ್. ಅದು ಕರುಳಿನಲ್ಲಿ ಬೆಳೆದರೆ ಮಾತ್ರ ಮೈ ಪಾಠ ಕಲಿಯುತ್ತದೆ. ತಾಯಿಯಿಂದ ಮಗುವಿಗೆ ಬಂದ ಪ್ರತಿಕಾಯಗಳು (ರೋಗದ ವಿರುದ್ಧ ಹೋರಾಡುವ ರಕ್ಷಕ ಕಣಗಳು), ಅಪೌಷ್ಟಿಕತೆ, ಕರುಳಿನಲ್ಲಿ ಆಗಲೇ ತುಂಬಿರುವ ಇತರ ಸೂಕ್ಷ್ಮಾಣುಗಳು, ಜೊತೆಯಲ್ಲೇ ಕೊಡುವ ಪೋಲಿಯೊ ಹನಿ ಇವೆಲ್ಲ ಆ ಬೆಳವಣಿಗೆಗೆ ಅಡ್ಡ ಬರುತ್ತವೆ ಎಂಬುದು ತಜ್ಞರ ಅಭಿಪ್ರಾಯ. ಹಾಗೆಂದು ಎದೆಹಾಲು ನಿಲ್ಲಿಸುವ ಯೋಚನೆ ಬೇಡವೇ ಬೇಡ. ಹನಿ ಹಾಕಿಸುವ ಮುನ್ನವೂ ನಂತರವೂ ಎಂದಿನಂತೆ ಹಾಲೂಡಿಸಿ.

ಹಂತ 3: ದಿನಾಂಕಗಳನ್ನು ಈಗಲೇ ಗುರುತಿಸಿ

ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ರೋಟಾ ಹನಿಯನ್ನು ಮೂರು ಸಲ ಕೊಡುತ್ತಾರೆ: ಆರು, ಹತ್ತು ಮತ್ತು ಹದಿನಾಲ್ಕು ವಾರಗಳಲ್ಲಿ. ನಮ್ಮ ಕಡೆ ಇದನ್ನು ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು ಎಂದು ಹೇಳುವುದು ರೂಢಿ. ಹುಟ್ಟಿದ ದಿನಕ್ಕೆ 42, 70 ಮತ್ತು 98 ದಿನ ಕೂಡಿಸಿದರೆ ಸರಿಯಾದ ದಿನಾಂಕ ಸಿಗುತ್ತದೆ. ಉದಾಹರಣೆಗೆ, ಮಗು 2026ರ ಜನವರಿ 1ರಂದು ಹುಟ್ಟಿದ್ದರೆ ಫೆಬ್ರುವರಿ 12, ಮಾರ್ಚ್ 12, ಏಪ್ರಿಲ್ 9. ಕರ್ನಾಟಕದ ಬಹುತೇಕ ಕಡೆ ಲಸಿಕೆ ದಿನ ಗುರುವಾರ. ಲೆಕ್ಕದ ದಿನಾಂಕ ತುಂಬಿದ ಮೇಲೆ ಬರುವ ಮೊದಲ ಲಸಿಕೆ ದಿನದಂದು ಹೋಗಿ. ಒಂದೆರಡು ದಿನ ತಡವಾದರೆ ತೊಂದರೆಯಿಲ್ಲ. ಆರು ವಾರ ತುಂಬುವ ಮೊದಲೇ ಹಾಕಿಸುವುದು ಬೇಡ. ಎರಡು ಡೋಸ್‌ಗಳ ನಡುವೆ ನಾಲ್ಕು ವಾರ ಇರಲೇಬೇಕು.

ಅವಧಿಗೆ ಮುನ್ನ ಹುಟ್ಟಿದ ಮಗುವಾದರೂ ಹುಟ್ಟಿದ ದಿನದಿಂದಲೇ ಲೆಕ್ಕ. ವೈದ್ಯರು ಬೇಡ ಎನ್ನದಿದ್ದರೆ ಮುಂದೂಡಬೇಡಿ.

ಹದಿನಾಲ್ಕು ವಾರ ತುಂಬುತ್ತಲೇ ಮೂರೂ ಡೋಸ್ ಮುಗಿಸಬೇಕು ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ದೇಶದಲ್ಲಿ ರೋಟಾ ಸೋಂಕು ಬಹಳ ಎಳೆಯ ವಯಸ್ಸಿನಲ್ಲೇ ತಗಲುತ್ತದೆ, ಮತ್ತು ಮೊದಲ ಸೋಂಕೇ ಸಾಮಾನ್ಯವಾಗಿ ತೀವ್ರವಾಗಿರುತ್ತದೆ. ವೈರಸ್ ಬರುವ ಮೊದಲು ಲಸಿಕೆ ಬರಬೇಕು.

ಹಂತ 4: ಎಲ್ಲಿ ಹಾಕಿಸುವುದು, ಯಾವ ಲಸಿಕೆ

ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆ, ಅಂಗನವಾಡಿಯಲ್ಲಿ ನಡೆಯುವ ಲಸಿಕೆ ದಿನ, ಎಲ್ಲ ಕಡೆಯೂ ಇದು ಉಚಿತ. 2016ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ ಮತ್ತು ಒಡಿಶಾದಲ್ಲಿ ಆರಂಭವಾದ ರೋಟಾ ಲಸಿಕೆ 2019ರಲ್ಲಿ ದೇಶದ ಎಲ್ಲ ರಾಜ್ಯಗಳನ್ನೂ ತಲುಪಿತು. ಅದಕ್ಕೂ ಮೊದಲು ಹುಟ್ಟಿದ ಹಿರಿಯ ಮಗುವಿಗೆ ಹಾಕಿಸಿಲ್ಲವೆಂದು ಕಿರಿಯದಕ್ಕೂ ಬೇಡ ಎಂದುಕೊಳ್ಳುವ ಮನೆಗಳು ಈಗಲೂ ಇವೆ. ಆಗ ಇರಲಿಲ್ಲ, ಈಗ ಇದೆ, ಅಷ್ಟೇ.

ಸರ್ಕಾರಿ ಕೇಂದ್ರಗಳಲ್ಲಿ ಎರಡರಲ್ಲಿ ಒಂದು ಸಿಗುತ್ತದೆ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸುವ ರೋಟಾವ್ಯಾಕ್‌ನ ಒಂದು ಡೋಸ್ ಎಂದರೆ ಐದು ಹನಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ರೋಟಾಸಿಲ್ ಒಂದು ಡೋಸಿಗೆ ಎರಡು, ಎರಡೂವರೆ ಎಂ.ಎಲ್. ಬರುತ್ತದೆ. ಪುಡಿಯ ರೂಪದ್ದಾದರೆ ನರ್ಸ್ ಅದನ್ನು ಜೊತೆಗೆ ಬಂದ ದ್ರವದಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಬಿಡುತ್ತಾರೆ. ‘ಅಕ್ಕನ ಮಗುವಿಗೆ ಐದೇ ಹನಿ ಹಾಕಿದರು, ನಮ್ಮ ಮಗುವಿಗೆ ಅರ್ಧ ಚಮಚ ಹಾಕಿದರಲ್ಲ’ ಎಂಬ ಗಾಬರಿಗೆ ಕಾರಣ ಇದೇ. ಎರಡೂ ಸರಿ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಾನ್ಯ ಮಾಡಿದೆ.

ಖಾಸಗಿ ಆಸ್ಪತ್ರೆಗಳಲ್ಲಿ ಇವುಗಳ ಜೊತೆಗೆ ಎರಡೇ ಡೋಸಿನ ರೋಟಾರಿಕ್ಸ್ ಕೂಡ ಸಿಗುತ್ತದೆ. ದುಡ್ಡು ಕೊಟ್ಟದ್ದು ಹೆಚ್ಚು ಕೆಲಸ ಮಾಡುತ್ತದೆಯೇ? ನಮ್ಮಂತಹ ಪರಿಸರದಲ್ಲಿ ಈ ಲಸಿಕೆಗಳ ನಡುವೆ ದೊಡ್ಡ ಅಂತರ ಕಂಡುಬಂದಿಲ್ಲ. ಹಣವಿಲ್ಲವೆಂದು ತಡಮಾಡುವುದಕ್ಕಿಂತ ಇದೇ ಗುರುವಾರ ಉಚಿತ ಹನಿ ಹಾಕಿಸುವುದು ಎಷ್ಟೋ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ರೋಟಾವ್ಯಾಕ್‌ನ ಹಿಂದೆ ಕನ್ನಡಿಗರು ಹೆಮ್ಮೆಪಡಬಹುದಾದ ಒಂದು ಎಳೆಯೂ ಇದೆ. 1980ರ ದಶಕದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಕೆಲವು ನವಜಾತ ಶಿಶುಗಳಿಗೆ ರೋಟಾ ಸೋಂಕು ತಗಲಿದ್ದರೂ ರೋಗಲಕ್ಷಣ ಇರಲಿಲ್ಲ. ಅವರಿಂದ ಸಿಕ್ಕ 116ಇ ಎಂಬ ತಳಿಯೇ ಇಂದಿನ ರೋಟಾವ್ಯಾಕ್. ಬೆಂಗಳೂರಿನ ನವಜಾತ ಶಿಶುಗಳಲ್ಲೂ ಇಂಥದೇ ಸೌಮ್ಯ ತಳಿಯೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗುರುತಿಸಿದ್ದರು. ಅದರ ಹೆಸರು ಐ321. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಿದಾಗ ದೆಹಲಿಯ ತಳಿ ಹೆಚ್ಚು ಪ್ರತಿರೋಧ ಹುಟ್ಟಿಸಿದ್ದರಿಂದ ಅದು ಮುಂದೆ ಹೋಯಿತು.

ಹಂತ 5: ಲಸಿಕೆಯ ದಿನ

ಆ ದಿನ ಮಗುವಿಗೆ ರೋಟಾ ಒಂದೇ ಅಲ್ಲ, ಪೋಲಿಯೊ ಹನಿಯೂ ಪೆಂಟಾವಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) ಮೊದಲಾದ ಚುಚ್ಚುಮದ್ದುಗಳೂ ಇರುತ್ತವೆ. ಒಟ್ಟಿಗೆ ಕೊಡುವುದರಿಂದ ಅಪಾಯವಿಲ್ಲ. ಮಗುವನ್ನು ಮಡಿಲಲ್ಲಿ ತುಸು ಹಿಂದಕ್ಕೆ ಒರಗಿಸಿ, ತಲೆಗೆ ತೋಳಿನ ಆಸರೆ ಕೊಡಿ. ನರ್ಸ್ ಕೆನ್ನೆಯನ್ನು ಮೆಲ್ಲಗೆ ಒತ್ತಿ ಬಾಯಿ ತೆರೆಸಿ, ಹನಿಯನ್ನು ಕೆನ್ನೆಯ ಒಳಭಾಗಕ್ಕೆ ಬೀಳುವಂತೆ ಬಿಡುತ್ತಾರೆ. ಜೋರಾಗಿ ಅಳುವಾಗ ಹನಿ ಹೊರಗೆ ಚೆಲ್ಲಿಹೋಗುತ್ತದೆ. ಆದ್ದರಿಂದ ಚುಚ್ಚುಮದ್ದಿಗೆ ಮೊದಲು ಹನಿಗಳನ್ನು ಹಾಕುವಂತೆ ಕೇಳಿಕೊಳ್ಳಿ.

ಮಗು ಉಗುಳಿದರೆ ಅಥವಾ ತಕ್ಷಣ ಕಕ್ಕಿದರೆ ಅಲ್ಲೇ, ಆಗಲೇ ನರ್ಸ್‌ಗೆ ಹೇಳಿ. ಮತ್ತೆ ಹಾಕಬೇಕೇ ಬೇಡವೇ ಎಂದು ಅವರು ನಿರ್ಧರಿಸುತ್ತಾರೆ.

ಹನಿ ಹಾಕುವ ಮೊದಲೇ ತಿಳಿಸಬೇಕಾದ ಸಂಗತಿಗಳು:

- ಹಿಂದಿನ ಡೋಸಿನ ನಂತರ ಮೈಯೆಲ್ಲ ದದ್ದು, ಉಸಿರಾಟದ ತೊಂದರೆಯಂತಹ ತೀವ್ರ ಅಲರ್ಜಿ ಆಗಿದ್ದರೆ
- ಮಗುವಿಗೆ ಹಿಂದೆ ಕರುಳು ಮಡಿಕೆಯಾಗಿದ್ದರೆ (ಇದೇನೆಂದು ಮುಂದಿನ ಹಂತದಲ್ಲಿ ಹೇಳಿದ್ದೇನೆ) ಅಥವಾ ಹುಟ್ಟಿನಿಂದ ಕರುಳಿನ ದೋಷವಿದ್ದರೆ
- ರೋಗನಿರೋಧಕ ಶಕ್ತಿಯೇ ಇಲ್ಲದ ಜನ್ಮಜಾತ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದರೆ
- ಆ ದಿನ ಜೋರಾದ ಜ್ವರ ಅಥವಾ ವಾಂತಿಭೇದಿ ಇದ್ದರೆ. ಆಗ ಗುಣವಾಗುವವರೆಗೆ ಮುಂದೂಡುತ್ತಾರೆ

ಸಣ್ಣ ನೆಗಡಿ, ಕೆಮ್ಮು, ಮೈ ಸ್ವಲ್ಪ ಬೆಚ್ಚಗಿರುವುದು ಇವು ಮುಂದೂಡಲು ಕಾರಣವಲ್ಲ.

ಮನೆಗೆ ಹೊರಡುವ ಮುನ್ನ ಕಾರ್ಡ್ ತೆರೆದು ನೋಡಿ. ಇಲ್ಲಿ ಎಡವುವವರು ಬಹಳ. ಪೋಲಿಯೊ ಎರಡು ಹನಿ, ರೋಟಾ ಬೇರೆಯೇ ಹನಿ. ‘ಬಾಯಿಗೆ ಹನಿ ಹಾಕಿದರು’ ಎಂದಷ್ಟೇ ನೆನಪಿಟ್ಟುಕೊಂಡರೆ ಯಾವುದು ಹಾಕಿದ್ದು ಎಂಬುದು ಮುಂದಿನ ಸಲ ಯಾರಿಗೂ ಗೊತ್ತಾಗುವುದಿಲ್ಲ. ಪಲ್ಸ್ ಪೋಲಿಯೊ ಭಾನುವಾರ ಬೂತ್‌ನಲ್ಲಿ ಹಾಕುವುದು ಪೋಲಿಯೊ ಮಾತ್ರ, ಅದರಲ್ಲಿ ರೋಟಾ ಇರುವುದಿಲ್ಲ. ಕಾರ್ಡಿನಲ್ಲಿ ರೋಟಾ ಸಾಲಿನ ಎದುರು ದಿನಾಂಕ ಬಿದ್ದಿದೆಯೇ ನೋಡಿ, ಲಸಿಕೆಯ ಹೆಸರನ್ನೂ ಬರೆಸಿಕೊಳ್ಳಿ. ಆಮೇಲೆ ಆ ಪುಟದ ಫೋಟೊ ತೆಗೆದು ಮಗುವಿನ ಅಪ್ಪನ ಮೊಬೈಲಿಗೂ ಕಳಿಸಿ.

ಆ ರಾತ್ರಿ ಮಗುವಿಗೆ ಜ್ವರ ಬಂದರೆ ಅದು ಸಾಮಾನ್ಯವಾಗಿ ಪೆಂಟಾವಲೆಂಟ್ ಚುಚ್ಚುಮದ್ದಿನದು. ನರ್ಸ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಹನಿ ಕೊಡಿ.

ಹಂತ 6: ನಂತರದ ಏಳು ದಿನ ಒಂದು ಕಣ್ಣಿಡಿ

ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ಜಾರಿ ಸಿಕ್ಕಿಕೊಳ್ಳುವುದನ್ನು ವೈದ್ಯರು ಇಂಟಸಸೆಪ್ಶನ್ ಎನ್ನುತ್ತಾರೆ. ಕರುಳು ಮಡಿಕೆ ಎಂದರೆ ಇದೇ. ಲಸಿಕೆ ಹಾಕಿಸದ ಮಕ್ಕಳಲ್ಲೂ, ಮುಖ್ಯವಾಗಿ ನಾಲ್ಕರಿಂದ ಹತ್ತು ತಿಂಗಳ ವಯಸ್ಸಿನಲ್ಲಿ, ಇದು ಆಗೊಮ್ಮೆ ಈಗೊಮ್ಮೆ ಕಾಣಿಸುತ್ತದೆ. 1998ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ರೋಟಾ ಲಸಿಕೆ ರೋಟಾಶೀಲ್ಡ್ ಈ ತೊಂದರೆಯನ್ನು ಹೆಚ್ಚಿಸುತ್ತದೆಂದು ತಿಳಿದ ಕೂಡಲೇ 1999ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಹೆದರಿಕೆಯ ಮೂಲ ಅದು; ಆ ಲಸಿಕೆ ಈಗ ಎಲ್ಲೂ ಇಲ್ಲ. ನಂತರದ ಲಸಿಕೆಗಳನ್ನು ಬಹಳ ಎಚ್ಚರದಿಂದ ಗಮನಿಸಿದ್ದಾರೆ. ಶ್ರೀಮಂತ ದೇಶಗಳಲ್ಲಿ ಬಳಸುವ ಎರಡು ಲಸಿಕೆಗಳಿಂದ ಲಕ್ಷ ಮಕ್ಕಳಲ್ಲಿ ಒಂದರಿಂದ ಆರು ಹೆಚ್ಚುವರಿ ಪ್ರಕರಣಗಳು, ಅದೂ ಮುಖ್ಯವಾಗಿ ಮೊದಲ ಡೋಸಿನ ನಂತರದ ವಾರದಲ್ಲಿ, ಕಂಡಿವೆ. ಭಾರತದಲ್ಲಿ ರೋಟಾವ್ಯಾಕ್ ಪಡೆದ ಮಕ್ಕಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ.

ಆದರೂ ಲಕ್ಷಣ ತಿಳಿದಿರಲಿ. ಕಾಲುಗಳನ್ನು ಹೊಟ್ಟೆಯತ್ತ ಮಡಚಿಕೊಂಡು ಅಲೆ ಅಲೆಯಾಗಿ ಚೀರಿ ಅಳುವುದು, ನಡುವೆ ಸುಸ್ತಾಗಿ ಮಂಕಾಗುವುದು, ಮೇಲಿಂದ ಮೇಲೆ ವಾಂತಿ, ಹೊಟ್ಟೆ ಉಬ್ಬರ, ಮಲದಲ್ಲಿ ರಕ್ತ ಮತ್ತು ಲೋಳೆ. ಇವು ಕಂಡರೆ ಗ್ರೈಪ್ ವಾಟರ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಹೋಗಿ, ಹನಿ ಹಾಕಿಸಿದ ದಿನಾಂಕ ತಿಳಿಸಿ. ಬೇಗ ಹೋದರೆ ಅನೇಕ ಸಲ ಶಸ್ತ್ರಚಿಕಿತ್ಸೆ ಇಲ್ಲದೆಯೇ ಸರಿಪಡಿಸುತ್ತಾರೆ.

ಹನಿ ಹಾಕಿಸಿದ ಕೆಲವು ದಿನ ಮಗುವಿನ ಮಲದಲ್ಲಿ ಲಸಿಕೆಯ ವೈರಸ್ ಹೊರಬೀಳುತ್ತದೆ. ಬಟ್ಟೆ ಅಥವಾ ಡೈಪರ್ ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆದರೆ ಸಾಕು.

ಹಂತ 7: ತವರಿನಿಂದ ಗಂಡನ ಮನೆಗೆ ಹೋಗುವಾಗ ಡೋಸ್ ತಪ್ಪದಿರಲಿ

ನಮ್ಮಲ್ಲಿ ಡೋಸ್ ತಪ್ಪಲು ನಿರ್ಲಕ್ಷ್ಯಕ್ಕಿಂತ ದೊಡ್ಡ ಕಾರಣ ಬಾಣಂತನ. ಮೊದಲ ಡೋಸ್ ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿರುತ್ತದೆ. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ತಾಯಿ ಮಗು ಗಂಡನ ಮನೆಗೆ ಬರುತ್ತಾರೆ. ಅಲ್ಲಿನ ಆಶಾಗೆ ಈ ಮಗುವಿನ ಸುದ್ದಿಯೇ ಇರುವುದಿಲ್ಲ. ಎರಡು ಊರಿನ ನಡುವೆ ಮೂರನೆಯ ಡೋಸ್ ಕಳೆದುಹೋಗುತ್ತದೆ.

ಹೊರಡುವ ಚೀಲಕ್ಕೆ ಮೊದಲು ತಾಯಿ ಕಾರ್ಡ್ ಹಾಕಿ. ಹೊಸ ಊರಿಗೆ ಬಂದ ವಾರದಲ್ಲೇ ಅಲ್ಲಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಕಾರ್ಡ್ ತೋರಿಸಿ ಹೆಸರು ಬರೆಸಿ. ದೇಶದ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಮುಂದಿನ ಡೋಸ್ ಹಾಕಿಸಬಹುದು. ‘ನೀವು ಈ ಊರಿನವರಲ್ಲ’ ಎಂಬುದು ಇಲ್ಲಿ ನಡೆಯುವುದಿಲ್ಲ. ಹೊಸ ಊರಿನಲ್ಲಿ ಬೇರೆ ಕಂಪನಿಯ ರೋಟಾ ಲಸಿಕೆ ಇದ್ದರೆ? ಮೂರೂ ಡೋಸ್ ಒಂದೇ ಲಸಿಕೆಯದಾದರೆ ಒಳ್ಳೆಯದು. ಅದು ಸಿಗದಿದ್ದರೆ ಸಿಕ್ಕಿದ್ದರಲ್ಲಿ ಮುಗಿಸಿ, ಒಟ್ಟು ಮೂರು ಡೋಸ್ ಆಗಲಿ.

ತಡವಾಗಿದ್ದರೆ ಹೀಗೆ ಮಾಡಿ. ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಡೋಸನ್ನು ಮಗುವಿಗೆ ಒಂದು ವರ್ಷ ತುಂಬುವವರೆಗೂ ಕೊಡುತ್ತಾರೆ. ವರ್ಷದೊಳಗೆ ಒಂದು ಡೋಸ್ ಆಗಿದ್ದರೆ ಉಳಿದವನ್ನು ನಾಲ್ಕು ವಾರದ ಅಂತರದಲ್ಲಿ ಮುಗಿಸಬಹುದು. ಮತ್ತೆ ಮೊದಲಿನಿಂದ ಶುರು ಮಾಡುವ ಅಗತ್ಯವಿಲ್ಲ. ಖಾಸಗಿ ಮಕ್ಕಳ ತಜ್ಞರು ಅನುಸರಿಸುವ ಮಿತಿ ಇನ್ನೂ ಬಿಗಿ: ಮೊದಲ ಡೋಸ್ ಹದಿನೈದು ವಾರ ತುಂಬುವ ಮೊದಲು, ಕೊನೆಯದು ಎಂಟು ತಿಂಗಳೊಳಗೆ. ಹೀಗಾಗಿ ಖಾಸಗಿಯಲ್ಲಿ ‘ವಯಸ್ಸು ಮೀರಿತು’ ಎಂದು ಕಳಿಸಿದ ಮಗುವನ್ನೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ವಿಚಾರಿಸಿ. ನಡುವೆ ಮಗುವಿಗೆ ಭೇದಿ ಬಂದು ಹೋಗಿದ್ದರೂ ಉಳಿದ ಡೋಸ್ ಬಿಡಬೇಡಿ. ಒಂದು ಸೋಂಕು ಪೂರ್ತಿ ರಕ್ಷಣೆ ಕೊಡುವುದಿಲ್ಲ.

ಹಂತ 8: ಹನಿ ಹಾಕಿಸಿದ ಮೇಲೂ ಭೇದಿ ಬಂದರೆ

ಲಸಿಕೆ ತಡೆಯದ ಭೇದಿಯಲ್ಲಿ ಮಗುವನ್ನು ಕಾಪಾಡುವುದು ಓಆರ್‌ಎಸ್. ‘ಹಲ್ಲು ಬರುತ್ತಿದೆ, ಅದಕ್ಕೇ ಭೇದಿ’ ಎಂದು ಸುಮ್ಮನಿರಬೇಡಿ. ಹಲ್ಲು ಬರುವ ವಯಸ್ಸೂ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸೂ ಒಂದೇ.

ಪೊಟ್ಟಣದ ಮೇಲೆ ಬರೆದ ನೀರಿನ ಪ್ರಮಾಣ ಓದಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ, ಚಿಕ್ಕದನ್ನು 200 ಎಂ.ಎಲ್.ಗೆ ಕಲಸಬೇಕು. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಒಂದೇ ಸಲ ಸುರಿಯಿರಿ. ದೊಡ್ಡ ಪೊಟ್ಟಣದಿಂದ ಚಿಟಿಕೆ ಚಿಟಿಕೆ ತೆಗೆದು ಲೋಟಕ್ಕೆ ಹಾಕುವುದು ತಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ಸಕ್ಕರೆ ಸೇರಿಸಬೇಡಿ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂ.ಎಲ್., ಎಂದರೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ಕೊಡಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ, ಹೆಚ್ಚು ಸಲ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ಗಂಜಿ, ಮೆತ್ತಗಿನ ಅನ್ನ ಎಂದಿನಂತೆ ಇರಲಿ. ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುವುದಿಲ್ಲ, ಮಗು ಸೊರಗುತ್ತದೆ.

ಜೊತೆಗೆ ಸತು, ಅಂದರೆ ಜಿಂಕ್ ಮಾತ್ರೆ. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ, ಆರು ತಿಂಗಳು ಮೀರಿದ್ದರೆ 20 ಮಿ.ಗ್ರಾಂ, ಚಮಚದಲ್ಲಿ ಎದೆಹಾಲು ಅಥವಾ ನೀರಿನಲ್ಲಿ ಕರಗಿಸಿ, ಹದಿನಾಲ್ಕು ದಿನ. ಮೂರನೆಯ ದಿನ ಭೇದಿ ನಿಂತಿತೆಂದು ನಿಲ್ಲಿಸುವವರೇ ಹೆಚ್ಚು. ಪೂರ್ತಿ ಮುಗಿಸಿ.

ಅಂಗಡಿಯಲ್ಲಿ ಓಆರ್‌ಎಸ್ ಕೇಳಿದರೆ ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಕೊಡುವುದುಂಟು. ಅದರಲ್ಲಿನ ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಇಂತಹ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿದೆಯೇ ನೋಡಿಕೊಂಡು ತನ್ನಿ. ಆಶಾ ಮತ್ತು ಅಂಗನವಾಡಿಯಲ್ಲಿ ಅದು ಉಚಿತವಾಗಿಯೂ ಸಿಗುತ್ತದೆ. ಭೇದಿ ನಿಲ್ಲಿಸುವ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು.

ಈ ಗುರುತುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಓಆರ್‌ಎಸ್ ಗುಟುಕಿಸುತ್ತಿರಿ:

- ಕಣ್ಣು ಗುಳಿಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ನೆತ್ತಿ ಒಳಕ್ಕೆ ಇಳಿದಿದೆ
- ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟರೆ ತಕ್ಷಣ ಸಮವಾಗದೆ ಮಡಿಕೆಯಾಗಿ ನಿಲ್ಲುತ್ತದೆ
- ಆರು ಗಂಟೆಯಿಂದ ಮೂತ್ರ ಮಾಡಿಲ್ಲ
- ಮಂಪರು, ಎಬ್ಬಿಸಿದರೂ ಕಣ್ಣು ಬಿಡುವುದಿಲ್ಲ, ಕುಡಿಯಲು ಒಲ್ಲದು
- ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಅಥವಾ ಮಲದಲ್ಲಿ ರಕ್ತ

ಮಗುವಿಗೆ ಎರಡು ತಿಂಗಳೂ ತುಂಬಿಲ್ಲವೆಂದರೆ ಭೇದಿ ಶುರುವಾದಾಗಲೇ ವೈದ್ಯರಿಗೆ ತೋರಿಸಿ. ‘ನೆತ್ತಿ ಬಿದ್ದಿದೆ’ ಎಂದು ಎಣ್ಣೆ ತಟ್ಟಿಸಲು ಕರೆದೊಯ್ಯುವುದರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಬಿದ್ದ ನೆತ್ತಿ ಮೇಲೇಳುವುದು ಮೈಗೆ ನೀರು ಸೇರಿದಾಗ.

ವಿದೇಶದಲ್ಲಿರುವ ಓದುಗರಿಗೆ

ಬಾಣಂತನ ಮುಗಿಸಿ ಮಗುವಿನೊಂದಿಗೆ ಹೊರದೇಶಕ್ಕೆ ಮರಳುವವರು, ಅಲ್ಲಿಂದ ರಜೆಗೆ ಬರುವವರು ಒಂದನ್ನು ಗಮನಿಸಬೇಕು: ವೇಳಾಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಎಂಟು ಮತ್ತು ಹನ್ನೆರಡು ವಾರಗಳಲ್ಲಿ ಎರಡು ಡೋಸ್ ಕೊಡುತ್ತಾರೆ. ಅಮೆರಿಕದಲ್ಲಿ ಎರಡನೆಯ ತಿಂಗಳಿಗೆ ಶುರುವಾಗಿ ಲಸಿಕೆಗೆ ತಕ್ಕಂತೆ ಎರಡು ಅಥವಾ ಮೂರು ಡೋಸ್. ಎರಡೂ ಕಡೆ ಹದಿನೈದು ವಾರ ಮುಟ್ಟಿದ ಮಗುವಿಗೆ ಮೊದಲ ಡೋಸ್ ಶುರು ಮಾಡುವುದಿಲ್ಲ. ‘ಅಲ್ಲಿ ಹೋದ ಮೇಲೆ ಹಾಕಿಸೋಣ’ ಎಂದು ಇಲ್ಲಿ ಬಿಟ್ಟರೆ ಅಲ್ಲಿ ಬಾಗಿಲು ಮುಚ್ಚಿರುತ್ತದೆ. ಮೊದಲ ಡೋಸನ್ನು ಇಲ್ಲೇ ಹಾಕಿಸಿ, ಲಸಿಕೆಯ ಹೆಸರು ಮತ್ತು ದಿನಾಂಕವನ್ನು ಇಂಗ್ಲಿಷಿನಲ್ಲಿ ಬರೆಸಿ ಮೊಹರು ಹಾಕಿಸಿಕೊಳ್ಳಿ. ಅಲ್ಲಿನ ವೈದ್ಯರು ಅದನ್ನು ನೋಡಿ ಇನ್ನೆಷ್ಟು ಡೋಸ್ ಬೇಕೆಂದು ತೀರ್ಮಾನಿಸುತ್ತಾರೆ.